ಆಯಿಯ ಮಾಳಿಗೆಯ ಮೇಲೆ ಸೋಲಾರು

೧೯೯೬ರಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಇಯತ್ತೆ ಮುಗಿದಿತ್ತು, ಎಂಟನೆಯದಕ್ಕೆ ಹೆಸರು ಹಚ್ಚಲಿಲ್ಲ. ಅಲ್ಲಿಂದ ಇಲ್ಲಿಯ ತನಕ ಏನೇನು ಮಾಡಿದೆ ಎಂದು ಬರೆಯಲು ಕೂತರೆ ಓದುವವರಿಗೂ ಬೇಸರ, ನನಗೂ ಬೇಸರ. ಕೈಗೆ ವೆಲ್ಡಿಂಗ್ ಹತ್ತಿತು, ಅದು ಅನ್ನ ಕೊಟ್ಟಿತು, ಇಷ್ಟು ಸಾಕು. ಇಲ್ಲಿ ಹೇಳುವುದು ಟಿಕೋಟಾದ ಒಂದು ಮನೆಯ ಮಾಳಿಗೆಯ ಮೇಲೆ ನಾನು ಕಳೆದ ಒಂದು ಚಳಿಗಾಲ ಮತ್ತು ಅರ್ಧ ಬೇಸಿಗೆಯ ಮಾತು.

ನನ್ನ ಊರು ಇಟ್ಟಂಗಿಹಾಳ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ಒಂದು ಸೋಲಾರ್ ಅಂಗಡಿ ಇದೆ. ಅದರ ಮಾಲಕರಿಗೆ ನಾನು ಸ್ಟ್ಯಾಂಡು ಮಾಡಿಕೊಡುತ್ತಿದ್ದೆ. ಪ್ಯಾನೆಲ್ಲು ಅವರದು, ಬೋರ್ಡು ಅವರದು, ಕೆಳಗಿನ ಕಬ್ಬಿಣ ಮಾತ್ರ ನನ್ನದು. ಕೆಲಸ ಮುಗಿದು ಮನೆಯವರು ಫೋಟೋ ತೆಗೆಸಿಕೊಳ್ಳುವಾಗ "ಮಿಸ್ತ್ರಿ, ಸ್ವಲ್ಪ ಆ ಕಡೆ ಸರೀರಿ" ಎನ್ನುತ್ತಿದ್ದರು. ಸರಿಯುತ್ತಿದ್ದೆ. ಆದರೆ ನಮ್ಮ ಬಯಲುಸೀಮೆಯ ಗಾಳಿ ಬೀಸಿದಾಗ ಆ ಪ್ಯಾನೆಲ್ಲುಗಳನ್ನು ಹಿಡಿದು ನಿಲ್ಲುವುದು ಯಾವುದು ಎಂಬುದು ನನಗೆ ಗೊತ್ತಿತ್ತು. ಒಂದು ದಿನ ಮಾಲಕರ ಮುಂದೆ ಬಾಯಿ ಬಿಟ್ಟು ಕೇಳಿದೆ, ನನಗೂ ಒಂದು ಪೂರ್ತಿ ಕೆಲಸ ಕೊಡಿ ಎಂದು.

ಅವರು ಚಹದ ಕಪ್ಪು ಕೆಳಗಿಟ್ಟರು. "ಕಂಬ ನಿಲ್ಲಸೂದು ಬ್ಯಾರೆ, ಸಬ್ಸಿಡಿ ತರೂದು ಬ್ಯಾರೆ. ಅರ್ಜಿ ಹಾಕೂದ್ರಿಂದ ಹಿಡದು ರೊಕ್ಕ ಗಿರಾಕಿ ಖಾತೆಕ್ಕ ಬೀಳೂ ತನಕ ಒಂದು ಮನಿ ನೀನಾ ಮಾಡಿ ತೋರಸು. ತೋರಿಸಿದಿ ಅಂದ್ರ ಟಿಕೋಟಾ, ಬಬಲೇಶ್ವರ ಎರಡೂ ಕಡೆ ಕೆಲಸ ನಿನ್ನ ಹೆಸರಿಲೆ. ಇಲ್ಲಂದ್ರ ಪೈಪ್ ಕೊಯ್ಕೋತ ಇರು."

"ತೋರಸ್ತೀನ್ರಿ," ಎಂದೆ.

ಈ ಸಬ್ಸಿಡಿಯ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನೌಕರಿಯ ಮಂದಿ ತೆರಿಗೆಯಲ್ಲಿ ವಿನಾಯಿತಿಯ ಮಾತಾಡುತ್ತಾರೆ. ತೆರಿಗೆಯನ್ನೇ ಕಟ್ಟದ ಒಕ್ಕಲುತನದ ಮನೆಗೆ ಅದರಿಂದ ಏನು ಬಂತು? ಮನೆಯ ಛಾವಣಿಯ ಸೋಲಾರಿಗೆ ಸರ್ಕಾರ ಕೊಡುವ ಸಬ್ಸಿಡಿ ಹಾಗಲ್ಲ. ಮೀಟರು ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೇ ಬೀಳುತ್ತದೆ. ಆದರೆ ಅದು ವಾಸದ ಮನೆಗೆ ಮಾತ್ರ. ಅಂಗಡಿಗಿಲ್ಲ, ಕಾರ್ಖಾನೆಗಿಲ್ಲ, ಹೊಲದ ಶೆಡ್ಡಿಗಿಲ್ಲ.

ನನಗೆ ಸಿಕ್ಕ ಮನೆ ಟಿಕೋಟಾದ ದ್ರಾಕ್ಷಿ ಬೆಳೆಗಾರರದು. ಅವರ ಹೊಲದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡು ಕಟ್ಟಿದವನು ನಾನೇ, ಹಾಗಾಗಿ ಪರಿಚಯವಿತ್ತು. ಮನೆಯ ಮಗ, ಹೊಲ ನೋಡಿಕೊಳ್ಳುವವನು, "ಸಬ್ಸಿಡಿ ಖರೇನ ಬರ್ತೈತೇನ್ರಿ ಮಿಸ್ತ್ರಿ?" ಎಂದು ಕೇಳಿದ. "ಬರಲಿಲ್ಲಂದ್ರ ನನ್ನ ಕೂಲಿ ಬ್ಯಾಡ" ಎಂದುಬಿಟ್ಟೆ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ, "ಬಾಯಿಗೂ ಒಂದು ವೆಲ್ಡಿಂಗ್ ಹೊಡಕೋಬೇಕಾಗಿತ್ತು ನೀವು" ಎಂದಳು.

ಮಾಳಿಗೆ ಅಳೆಯಲು ಹೋದ ದಿನ ಮೆಟ್ಟಿಲ ಮೇಲೆ ಅವನ ತಾಯಿ ಕೂತಿದ್ದರು. ಊರೆಲ್ಲ ಅವರಿಗೆ ಆಯಿ ಎನ್ನುತ್ತದೆ. ನಾನೂ ಹಾಗೇ ಎನ್ನುತ್ತೇನೆ.

"ಏನ್ ಅಳಿಯಾಕ ಬಂದೀಯೋ?"

"ಸೋಲಾರ್ ಕೂಡಸಾಕ ಆಯಿ. ನಿಮ್ಮ ಮಗಾರು ಹೇಳ್ಯಾರ."

"ಹೊಲ ಅಂವಂದು, ಟ್ರ್ಯಾಕ್ಟರ್ ಅಂವಂದು. ಮ್ಯಾಳಗಿ ನಂದು. ಬ್ಯಾಸಗಿ ಬಂತಂದ್ರ ಶ್ಯಾವಿಗಿ, ಸಂಡಗಿ, ಅದಕಿಂತ ಮೊದಲ ನನ್ನ ದ್ರಾಕ್ಷಿ. ನೀ ಇಲ್ಲೆಲ್ಲಾ ಕನ್ನಡಿ ಹಾಸಿ ಹೋದಿ ಅಂದ್ರ ನಾ ಅವನ್ನ ಎಲ್ಲಿ ಒಣಗಸ್ಲಿ? ನಿನ್ನ ತಲಿ ಮ್ಯಾಲ?"

ಮಗ ಕೆಳಗಿನಿಂದ ನಗುತ್ತಿದ್ದ. "ಕೇಳ್ರಿ ಮಿಸ್ತ್ರಿ. ನಾ ಹೇಳಿ ಸಾಕಾಗೇನಿ."

ಆಯಿಯ ದ್ರಾಕ್ಷಿಯ ಸಂಗತಿ ಹೀಗಿತ್ತು. ಮಾರಾಟದ ಮಾಲೆಲ್ಲ ಹೊಲದ ಶೆಡ್ಡಿನಲ್ಲಿ ಒಣಗುತ್ತದೆ. ಆದರೆ ಮೊದಲ ಕೊಯ್ಲಿನಲ್ಲಿ ಒಂದಿಷ್ಟು ಒಳ್ಳೆಯ ಗೊನೆಗಳನ್ನು ಆಯಿ ಆರಿಸಿ ಮನೆಗೆ ತರಿಸುತ್ತಾರೆ. ಅವು ಮಾರಾಟಕ್ಕಲ್ಲ. ಒಂದು ಪಾಲು ದೇವರಿಗೆ, ಉಳಿದದ್ದು ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ. ಒಬ್ಬಳು ಬಬಲೇಶ್ವರದಲ್ಲಿ, ಇನ್ನೊಬ್ಬಳು ಮಮದಾಪುರದಲ್ಲಿ. ಪ್ರತಿ ವರ್ಷ ಒಣದ್ರಾಕ್ಷಿಯ ಡಬ್ಬಿಗಳು ಬಸ್ಸು ಹತ್ತಿ ಹೋಗುತ್ತವೆ. ಆಯಿ ಅವನ್ನು ಮಾಳಿಗೆಯ ಮೇಲೆ ಗೋಣಿತಟ್ಟಿನ ನೆರಳು ಕಟ್ಟಿ ತಾವೇ ಒಣಗಿಸುತ್ತಾರೆ. ಹೊಲಕ್ಕೆ ಕಳಿಸಿದರೆ ಮಾರುವ ಮಾಲಿನಲ್ಲಿ ಕೂಡಿಬಿಡುತ್ತದೆ ಎಂಬುದು ಅವರ ಹಟ.

ಟೇಪು ಹಿಡಿದು ನಿಂತಲ್ಲೇ ನನಗೆ ಒಂದು ವಿಚಾರ ಹೊಳೆಯಿತು. ನಮ್ಮ ಕಡೆ ದ್ರಾಕ್ಷಿಯನ್ನು ಬಿಸಿಲಿಗೆ ಹಾಸುವುದಿಲ್ಲ. ನೆರಳಿರಬೇಕು, ಗಾಳಿ ಆಡಬೇಕು. ಪ್ಯಾನೆಲ್ಲಿಗೆ ಬೇಕಾದದ್ದೂ ಅದೇ. ಮೇಲೆ ಬಿಸಿಲು, ಕೆಳಗೆ ಗಾಳಿ. ಕೆಳಗೆ ಗಾಳಿ ಆಡಿದರೆ ಪ್ಯಾನೆಲ್ಲು ತಂಪಾಗಿದ್ದು ಕರೆಂಟು ಹೆಚ್ಚು ಬರುತ್ತದೆ. ಹಾಗಿದ್ದ ಮೇಲೆ ಮೊಣಕಾಲೆತ್ತರದ ಸ್ಟ್ಯಾಂಡು ಯಾಕೆ? ದ್ರಾಕ್ಷಿ ಶೆಡ್ಡಿನ ಹಾಗೆ ಆಳೆತ್ತರಕ್ಕಿಂತ ಮೇಲೆ ಎತ್ತಿ ನಿಲ್ಲಿಸಿದರೆ ಕೆಳಗೆ ಆಯಿಗೆ ನೆರಳು ಸಿಗುತ್ತದೆ, ಸಂಡಿಗೆಗೆ ಬೇಕಾದ ಬಿಸಿಲಿಗೆ ಉಳಿದ ಅರ್ಧ ಮಾಳಿಗೆ ಇದೆ.

"ಆಯಿ, ನಿಮಗ ತಟ್ಟು ಕಟ್ಟೂ ಕೆಲಸ ತಪ್ಪಸ್ತೀನಿ," ಎಂದು ಹೇಳಿ ಸುಣ್ಣದ ಕಲ್ಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಆಯಿ ಗೆರೆಯ ಸುತ್ತ ಒಂದು ಸುತ್ತು ಹಾಕಿದರು. "ನನ್ನ ತಲಿ ಬಡೀಬಾರದು ನೋಡು," ಎಂದರು. ಅಂದರೆ ಒಪ್ಪಿಗೆ.

ಅರ್ಜಿ ಹಾಕುವಾಗ ಮೊದಲ ತೊಡಕು ಬಂತು. ಮೀಟರು ತೀರಿಹೋದ ಯಜಮಾನರ ಹೆಸರಿನಲ್ಲೇ ಉಳಿದಿತ್ತು. ಮೀಟರು ಯಾರದೋ ಸಬ್ಸಿಡಿ ಅವರಿಗೆ. ಇಲ್ಲದವರ ಖಾತೆಗೆ ಸರ್ಕಾರ ಹೇಗೆ ಹಾಕೀತು? ವಾರಸಾ ಕಾಗದ, ಮನೆಯ ಉತಾರ, ಆಧಾರ್ ಎಲ್ಲ ಹಿಡಿದು ಕರೆಂಟ್ ಆಫೀಸಿಗೆ ಓಡಾಡಿ ಮೀಟರನ್ನು ಆಯಿಯ ಹೆಸರಿಗೆ ಮಾಡಿಸಿದೆವು. ಅವತ್ತು ಮಗ, "ಈಗ ಕರೆಂಟೂ ನಿಂದಾತು ಬೇ, ಮ್ಯಾಳಗೀನೂ ನಿಂದು. ನಾ ಏನ್ ಬಾಡಗಿ ಕೊಡ್ಬೇಕೇನು?" ಎಂದ. "ಕೊಡು," ಎಂದರು ಆಯಿ.

ಆಮೇಲೆ ಕಬ್ಬಿಣದ ಕೆಲಸ. ಇಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವವನಲ್ಲ. ಹಳೆಯ ಸ್ಲ್ಯಾಬಿಗೆ ತೂತು ಹೊಡೆದರೆ ಮಳೆಗಾಲಕ್ಕೆ ಮನೆಯೊಳಗೆ ನೀರು. ಅದಕ್ಕೇ ತೂತು ಹೊಡೆಯದೆ, ಕೆಳಗಿನ ಗೋಡೆಗಳು ಎಲ್ಲೆಲ್ಲಿ ಹಾಯ್ದಿವೆಯೋ ಅಲ್ಲಲ್ಲೇ ಮೇಲೆ ಕಾಂಕ್ರೀಟಿನ ಪೀಠ ಎರೆದು, ಪೀಠದೊಳಗೇ ಬೋಲ್ಟು ಹೂತು, ಅದರ ಮೇಲೆ ಜಿ.ಐ. ಪೈಪಿನ ಕಂಬ ನಿಲ್ಲಿಸಿದೆ. ಭಾರ ಗೋಡೆಗೆ ಹೋಗಬೇಕು, ಸ್ಲ್ಯಾಬಿಗಲ್ಲ. ಎತ್ತರ ಹೆಚ್ಚಾದಷ್ಟೂ ಗಾಳಿಯ ಹೊಡೆತ ಹೆಚ್ಚು, ಹಾಗಾಗಿ ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿ ಕತ್ತರಿಯಾಕಾರದಲ್ಲಿ ಬಿಗಿದೆ. ದಕ್ಷಿಣಕ್ಕೆ ಇಳಿಜಾರು ಕೊಟ್ಟೆ. ಆಯಿ, "ತೆಂಕಣ ಯಮನ ದಿಕ್ಕೋ" ಎಂದರು. "ಯಮನ ಕಡಿಂದ ಬಿಸಿಲು ನಾವೇನ್ ಸಾಲಾ ತರಾಕತ್ತಿಲ್ಲ ಆಯಿ, ಪುಕ್ಕಟೆ ಕೊಡ್ತಾನ," ಎಂದೆ. ಅದಕ್ಕೆ ಅವರೂ ನಕ್ಕರು.

ಸ್ಟ್ಯಾಂಡು ನಿಂತಿತು, ಪ್ಯಾನೆಲ್ಲು ಬರಲಿಲ್ಲ. ಸಬ್ಸಿಡಿಯ ಮನೆಗೆ ನಮ್ಮ ದೇಶದಲ್ಲೇ ತಯಾರಾದ ಪ್ಯಾನೆಲ್ಲೇ ಆಗಬೇಕು. ಅದರೊಳಗಿನ ಸೆಲ್ಲೂ ಇಲ್ಲಿಯದೇ ಇರಬೇಕು. ಆ ಮಾಲಿಗೆ ಎಲ್ಲೆಡೆ ಬೇಡಿಕೆ. ಕಾದು ಕಾದು ಸಂಕ್ರಮಣ ದಾಟಿತು. ಊರ ಮಂದಿ ಬರಿಯ ಕಂಬ ನೋಡಿ, "ಏನ್ರಿ ಆಯಿ, ಮ್ಯಾಳಗಿ ಮ್ಯಾಲ ಲಗ್ನದ ಹಂದರ ಹಾಕೀರಿ, ಯಾರ್ದು ಲಗ್ನ?" ಎಂದು ಕೇಳುತ್ತಿದ್ದರು. "ಮಿಸ್ತ್ರೀದು," ಎನ್ನುತ್ತಿದ್ದರು ಆಯಿ.

ಪ್ಯಾನೆಲ್ಲು ಬಂದಾಗ ದ್ರಾಕ್ಷಿ ಹಣ್ಣಾಗಿತ್ತು. ಒಂದು ಶುಕ್ರವಾರ ಹಗಲೆಲ್ಲ ನಿಂತು ಪ್ಯಾನೆಲ್ಲು ಕೂರಿಸಿ, ಇನ್ವರ್ಟರು ಗೋಡೆಗೆ ಹಚ್ಚಿ, ಅರ್ಥಿಂಗಿನ ಕುಳಿಗಳನ್ನು ತುಂಬಿ ಮುಗಿಸಿದೆ. ಉಳಿದದ್ದು ಫೋಟೋ. ಮೀಟರಿನ ಒಡೆಯರು ಪ್ಯಾನೆಲ್ಲಿನ ಜೊತೆ ನಿಂತಿರಬೇಕು, ಜಾಗದ ಗುರುತು ಫೋಟೋದಲ್ಲೇ ಬೀಳುವಂತೆ ಮೊಬೈಲಿನಲ್ಲಿ ತೆಗೆದು ಪೋರ್ಟಲ್ಲಿಗೆ ಹಾಕಬೇಕು. ಅದನ್ನು ನೋಡಿ ಒಪ್ಪಿದ ಮೇಲೆ ಪರೀಕ್ಷೆಗೆ ಬರುತ್ತಾರೆ, ಎರಡು ಕಡೆಯ ಲೆಕ್ಕ ಇಡುವ ನೆಟ್ ಮೀಟರು ಹಚ್ಚುತ್ತಾರೆ, ಕೊನೆಗೆ ಸಬ್ಸಿಡಿ.

"ನಾಳೆ ಶನಿವಾರ. ಶನಿವಾರ ಫೋಟೋ ಬ್ಯಾಡ," ಎಂದರು ಆಯಿ. "ಸ್ವಾಮವಾರ ಬಾ. ನಮ್ಮ ಸಿದ್ಧೇಶ್ವರನ ವಾರ."

ಸೋಮವಾರ ಹೋದೆ. ಮಾಳಿಗೆ ಹತ್ತಿದವನು ಅಲ್ಲೇ ನಿಂತೆ. ನಡುವಿನ ಎರಡು ದಿನದಲ್ಲಿ ಆಯಿ ನನ್ನ ಕಂಬಗಳ ನಡುವೆ ಬಲೆಗಳನ್ನು ಅಂತಸ್ತು ಅಂತಸ್ತಾಗಿ ಕಟ್ಟಿಸಿ ದ್ರಾಕ್ಷಿ ಹರವಿದ್ದರು. ಹಸಿರು ಗೊನೆಗಳು, ಅವುಗಳ ಮೇಲೆ ತಂಪು ನೆರಳು, ನಡುವೆ ಗಾಳಿ. ನಾನು ನೆಲದ ಮೇಲೆ ಗೆರೆ ಎಳೆದು ತೋರಿಸಿದ್ದು ಹಾಗೇ ಎದ್ದು ನಿಂತಂತಿತ್ತು. ಆಯಿ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಕಾಳು ಕೇರುವ ಮರದ ತುಂಬ ದ್ರಾಕ್ಷಿ ಹಿಡಿದು ತಯಾರಾಗಿದ್ದರು.

"ಆಯಿ, ಮರ ಕೆಳಗಿಡ್ರಿ. ಸರ್ಕಾರದ ಫೋಟೋ."

"ಸರ್ಕಾರದ್ದಾದ್ರೇನು? ಬೆಳಿ ಬಂದಾಗ ಬರಿಗೈಲೆ ಫೋಟೋ ತಗಸಬಾರದು. ನಮ್ಮ ಮನ್ಯಾಗ ಯಾರೂ ತಗಸಿಲ್ಲ."

ಅದು ನಿಜ. ಆ ಮನೆಯ ಪಡಸಾಲೆಯ ಗೋಡೆಯ ಮೇಲೆ ಹಿರಿಯರ ಫೋಟೋಗಳಿವೆ. ಒಬ್ಬರ ಕೈಯಲ್ಲಿ ಜೋಳದ ತೆನೆ, ಒಬ್ಬರ ಕೈಯಲ್ಲಿ ದ್ರಾಕ್ಷಿ ಗೊನೆ. ನಾನೂ ಹೆಚ್ಚು ಜಗ್ಗಾಡಲಿಲ್ಲ. ನನ್ನ ಕಂಬಗಳು ಎತ್ತರವಾಗಿ ಕಾಣಲಿ ಎಂದು ಮೊಣಕಾಲೂರಿ ಕೂತು ಕೆಳಗಿನಿಂದ ಮೇಲಕ್ಕೆ ಫೋಟೋ ಹೊಡೆದೆ. ಭಾರಿ ಚೆಂದ ಬಂತು. ಮನೆಯ ಗೋಡೆಯಾಗಲಿ ಮೆಟ್ಟಿಲಾಗಲಿ ಅದರಲ್ಲಿ ಬಿದ್ದಿರಲಿಲ್ಲ.

ಕೆಲವು ದಿನಕ್ಕೆ ಮಾಲಕರು ಫೋನು ಮಾಡಿದರು. ಅಂಗಡಿಗೆ ಹೋದರೆ ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದರು. ಫೈಲು ವಾಪಸ್ ಬಂದಿತ್ತು. ಚಿತ್ರದಲ್ಲಿರುವುದು ವಾಸದ ಮನೆಯ ಛಾವಣಿಯಲ್ಲ, ದ್ರಾಕ್ಷಿ ಒಣಗಿಸುವ ಶೆಡ್ಡಿನಂತೆ ಕಾಣುತ್ತದೆ, ಕಾರಣ ತಿಳಿಸಿ ಎಂದು ಕರೆಂಟ್ ಆಫೀಸಿನವರು ಬರೆದಿದ್ದರು.

ಮಾಲಕರಿಗೆ ನಗು ತಡೆಯಲಾಗಲಿಲ್ಲ. "ಅವರದೇನು ತಪ್ಪಿಲ್ಲಪಾ. ನನಗೂ ಹಂಗಾ ಕಾಣ್ತೈತಿ. ಮುದುಕಿ ನೋಡಿದ್ರ ಸಂತ್ಯಾಗ ಮಾರಾಕ ನಿಂತಂಗ ಐತಿ. ಹೋಗು, ದ್ರಾಕ್ಷಿ ಇಳಸು, ಇನ್ನೊಂದು ಫೋಟೋ ಹೊಡಿ, ಹಾಕು. ಮುಗೀತು."

ನನಗೂ ಅದು ಸರಿ ಎನಿಸಿ ಟಿಕೋಟಾಕ್ಕೆ ಹೋದೆ. ಆಯಿ ಬಲೆಯಿಂದ ಒಂದು ಕಾಳು ತೆಗೆದು ನನ್ನ ಅಂಗೈ ಮೇಲಿಟ್ಟರು. ಹೊರಗೆ ಸುಕ್ಕು, ಒಳಗೆ ಇನ್ನೂ ರಸ.

"ಅರ್ಧ ಒಣಗ್ಯಾವ. ಈಗ ಕೈ ಹಚ್ಚಿ ರಾಶಿ ಮಾಡಿದ್ರ ಒಂದಕ್ಕೊಂದು ಅಂಟಿ ಹುಳಿ ಬರ್ತಾವ. ನಿನಗ ಗೊತ್ತಿಲ್ಲದ್ದೇನು? ಶೆಡ್ ಕಟ್ಟಾಂವ ನೀನಾ."

ಮಗ ಇಳಿಸೋಣ ಎಂದ. "ಹೋದ್ರ ಹೋತು, ಹೊಲದ್ದು ಕೊಡ್ತೀನಿ ಹೆಣ್ಮಕ್ಕಳಿಗೆ." ಆಯಿ ಮರ ಹಿಡಿದುಕೊಂಡು ಕೆಳಗಿಳಿದು ಹೋದರು.

ನಾನು ಆ ನೆರಳಿನಲ್ಲಿ ಕೂತು ಬೀಡಿ ಹಚ್ಚಿದೆ. ಹದಿನೈದು ದಿನ ಸುಮ್ಮನಿದ್ದರೆ ದ್ರಾಕ್ಷಿ ಒಣಗಿ ತಾನೇ ಇಳಿಯುತ್ತದೆ, ಆಗ ಖಾಲಿ ಮಾಳಿಗೆಯ ಫೋಟೋ ಹಾಕಿದರೆ ಯಾರೂ ಕೇಳುವುದಿಲ್ಲ ಎಂದೂ ಯೋಚನೆ ಬಂತು. ಆದರೆ ಮುಂದಿನ ವರ್ಷ ಆಯಿ ಮತ್ತೆ ಹರವುತ್ತಾರೆ. ಬಬಲೇಶ್ವರದ ಅಳಿಯ ಈಗಾಗಲೇ ಇಂಥದ್ದೇ ಎತ್ತರದ ಸ್ಟ್ಯಾಂಡು ಬೇಕು ಎಂದಿದ್ದ. ಅವನ ಓಣಿಯವರೂ ಈ ಮನೆಯ ಸಬ್ಸಿಡಿಗೆ ಕಾಯುತ್ತಿದ್ದರು. ನಾನು ಕಟ್ಟಿದ್ದು ನಡೆಯುವುದಿದ್ದರೆ ದ್ರಾಕ್ಷಿ ಇದ್ದಾಗಲೇ ನಡೆಯಬೇಕು. ನಡೆಯದಿದ್ದರೆ ಎರಡನೆಯದನ್ನು ಕಟ್ಟುವ ಮೊದಲೇ ನನಗೆ ಗೊತ್ತಾಗಬೇಕು. ಪ್ರತಿ ಮನೆಯಲ್ಲೂ ಬಲೆ ಬಿಚ್ಚಿಸಿ ಫೋಟೋ ಹೊಡೆಯುವ ಕೆಲಸ ನನಗೆ ಬೇಡ. ಬೀಡಿ ಮುಗಿಯುವುದರೊಳಗೆ ನಿರ್ಧಾರವಾಯಿತು. ದ್ರಾಕ್ಷಿ ಇಳಿಸುವುದಿಲ್ಲ, ಅಧಿಕಾರಿಯನ್ನೇ ಮೇಲೆ ಹತ್ತಿಸುತ್ತೇನೆ.

ಮಾಲಕರಿಗೆ ಹೇಳಿದಾಗ, "ಹುಚ್ಚ ಅದೀ ನೀ. ಅವ್ರು ಕಣ್ಣಿಲೆ ನೋಡಿ ಇಲ್ಲ ಅಂದ್ರಂದ್ರ ಮತ್ತ ತೆರಿಯೂದಿಲ್ಲ ಆ ಫೈಲು" ಎಂದರು. "ಆಗಲ್ರಿ. ಫೋಟೋ ನೋಡಿ ಇಲ್ಲ ಅನ್ನೂದು ಬ್ಯಾಡ. ನನ್ನ ಕೆಲಸ ನೋಡಿ ಅನ್ನಲಿ," ಎಂದೆ.

ಕರೆಂಟ್ ಆಫೀಸಿನಲ್ಲಿ ಆ ಭಾಗದ ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನವರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಫೋಟೋ ಬದಲ ಮಾಡಿದ್ರ ಆಗ್ತಿತ್ತಲ್ರಿ, ಇಲ್ಲೀ ತನಕ ಯಾಕ ಬಂದ್ರಿ?" ಎಂದರು.

"ಇಂಥಾವು ಇನ್ನೂ ಕಟ್ಟಾಂವ ಅದೀನ್ರಿ ಸಾಹೇಬ್ರ. ತಪ್ಪಿದ್ರ ಈಗ ಹೇಳಿಬಿಡ್ರಿ."

ಅವರು ಡೈರಿ ತೆರೆದು ನೋಡಿ, ತಾವು ಬರುವ ದಿನ ಹೇಳಿದರು.

ಆ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಅಧಿಕಾರಿ ಮೊದಲು ಮಾಳಿಗೆ ಹತ್ತಲಿಲ್ಲ, ಮನೆಯೊಳಗೆ ಹೋದರು. ಅಡುಗೆಮನೆ ನೋಡಿದರು, ಹಾಸಿಗೆಗಳನ್ನು ನೋಡಿದರು, ಎಷ್ಟು ಮಂದಿ ಇರುತ್ತೀರಿ ಎಂದು ಕೇಳಿದರು. ಆಯಿ ರೊಟ್ಟಿಯ ತಾಟು ತಂದರು.

"ಈಗ ಬ್ಯಾಡ ಆಯಿ. ಉಂಡು ಬರದಾನ ಅಂತಾರ ಮಂದಿ."

"ಹಂಗಾದ್ರ ಬರದು ಉಣ್ಣು."

ಮೇಲೆ ಹತ್ತಿ ಅವರು ಪ್ರತಿ ಪ್ಯಾನೆಲ್ಲಿನ ನಂಬರು ತಾಳೆ ನೋಡಿದರು. ಕಂಬ ಹಿಡಿದು ಮೈಭಾರ ಹಾಕಿ ಅಲುಗಾಡಿಸಿದರು, ಅದು ಅಲುಗಲಿಲ್ಲ. ಅರ್ಥಿಂಗಿಗೆ ಯಂತ್ರ ಹಚ್ಚಿ ನೋಡಿದರು, ಸರಿ ಇತ್ತು. ಕೊನೆಗೆ ಬಲೆಗಳ ಮುಂದೆ ನಿಂತರು.

"ಇವು ಮಾರಾಟಕ್ಕೇನ್ರಿ?"

"ನನ್ನ ಹೆಣ್ಮಕ್ಕಳಿಗೆ," ಎಂದರು ಆಯಿ. "ಮಾರೂದು ಹೊಲದಾಗ ಐತಿ, ಹೋಗಿ ನೋಡಿ ಬಾ. ಅಲ್ಲಿ ಇದರ ಇಪ್ಪತ್ತು ಪಾಲು ಐತಿ."

ಅಧಿಕಾರಿ ತಲೆ ಅಲ್ಲಾಡಿಸಿದರು. ಹೊರಡುವಾಗ ಮೂಲೆಯಲ್ಲಿದ್ದ ಒಂದು ಡಬ್ಬಿಯ ಮೇಲೆ ಅವರ ಕಣ್ಣು ಬಿತ್ತು. ಹಳದಿ ಪುಡಿ. ಗಂಧಕ. ಒಣಗಿದ ಮೇಲೆ ತಾಡಪತ್ರಿ ಮುಚ್ಚಿ ಗಂಧಕದ ಹೊಗೆ ಕೊಟ್ಟರೆ ದ್ರಾಕ್ಷಿಗೆ ಬಂಗಾರದ ಬಣ್ಣ ಬರುತ್ತದೆ. ಆಯಿಯ ಡಬ್ಬಿಗಳಿಗೆ ಎರಡೂ ಊರಲ್ಲಿ ಹೆಸರಿದ್ದದ್ದು ಆ ಬಣ್ಣಕ್ಕೇ.

"ಈ ಹೊಗಿ ಇಲ್ಲೇ ಹಾಕ್ತೀರೇನು?" ಎಂದು ಕೇಳಿ ಅವರು ನನ್ನ ಕಡೆ ತಿರುಗಿದರು. "ಮಿಸ್ತ್ರಿ, ನೀವು ಮಾಡಿದ್ದು ಗಟ್ಟಿ ಐತಿ. ಆದ್ರ ಗಂಧಕದ ಹೊಗಿ ತ್ಯಾವಕ್ಕ ಕೂಡಿದ್ರ ಆಸಿಡ್ ಆಗ್ತೈತಿ. ನಿಮ್ಮ ತಾಮ್ರದ ಜೋಡಣಿ, ವಾಯರಿನ ಕನೆಕ್ಟರ್ ಎಲ್ಲಾ ತಿಂತೈತಿ. ವರ್ಷ ಎರಡ್ವರ್ಷಕ್ಕ ಇಲ್ಲಿ ಕಿಡಿ ಹಾರ್ತೈತಿ."

ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಶೆಡ್ಡಿನಲ್ಲಿ ವಾಯರು ಇರುವುದಿಲ್ಲ, ಸೋಲಾರಿನ ಕೆಳಗೆ ಗಂಧಕ ಇರುವುದಿಲ್ಲ. ಎರಡನ್ನೂ ಕೂಡಿಸಿದವನು ನಾನು. ಎಲ್ಲರೂ ಆಯಿಯ ಕಡೆ ನೋಡಿದೆವು.

"ಸರ್ಕಾರ ಬ್ಯಾಡಂತೈತೇನು?" ಎಂದರು ಆಯಿ.

"ಸರ್ಕಾರ ಅಲ್ಲ ಆಯಿ, ತಾಮ್ರ ಬ್ಯಾಡಂತೈತಿ," ಎಂದೆ ನಾನು.

ಆಯಿ ಡಬ್ಬಿಯನ್ನು ಎತ್ತಿಕೊಂಡರು. ಮುಚ್ಚಳ ಬಿಗಿ ಮಾಡಿದರು. ಮಗನ ಕೈಗೆ ಕೊಟ್ಟು, "ಹೊಲಕ್ಕ ಒಯ್ಯಿ. ನನ್ನ ಹೆಣ್ಮಕ್ಕಳು ಬಣ್ಣ ತಿನ್ನೂದಿಲ್ಲ" ಎಂದರು. ಆಮೇಲೆ ಅಧಿಕಾರಿಗೆ, "ಬರೀತೀಯೇನು ಈಗ? ಬರದು ಉಣ್ಣು ಬಾ."

ಅವರು ಆ ನೆರಳಿನಲ್ಲೇ ಕೂತು ಬರೆದರು. ಮಾಳಿಗೆಯ ಮೇಲೆ ಅಷ್ಟು ತಂಪಾದ ಜಾಗ ಬೇರೆ ಇರಲಿಲ್ಲ. ವಾಸದ ಮನೆ, ಒಣಗಿಸುವುದು ಮನೆಯ ಬಳಕೆಗೆ, ಅಳವಡಿಕೆ ಸರಿಯಿದೆ. ಮತ್ತೊಂದು ಫೋಟೋ ಅವರೇ ತೆಗೆದರು, ಬೀದಿಯಿಂದ, ಇಡೀ ಮನೆ ಬೀಳುವಂತೆ. ಆಯಿ ಬಾಗಿಲ ಮುಂದೆ ಮರ ಹಿಡಿದೇ ನಿಂತರು. ಅಧಿಕಾರಿ ಬೇಡ ಎನ್ನಲಿಲ್ಲ. ಆಮೇಲೆ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಮೊಸರು ಉಂಡು ಹೋದರು.

ನೆಟ್ ಮೀಟರು ಬಂತು. ಹಗಲು ಮನೆ ಬಳಸಿ ಉಳಿದ ಕರೆಂಟು ಹೊರಗೆ ಹರಿದಾಗ ಅದರಲ್ಲಿ ಬಾಣದ ಗುರುತು ತಿರುಗುವುದನ್ನು ಆಯಿ ಬಂದವರಿಗೆಲ್ಲ ತೋರಿಸುತ್ತಿದ್ದರು. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಗ ಫೋನು ಮಾಡಿ ಅವರ ಕೈಗೆ ಕೊಟ್ಟ.

"ಮಿಸ್ತ್ರಿ, ಬಂತಪಾ ಖಾತೆಕ್ಕ."

"ಏನ್ ಆಯಿ, ಸಬ್ಸಿಡಿ?"

"ನಿನ್ನ ಕೂಲಿ ಬಂತು. ಬಂದು ಒಯ್ಯಿ. ನಿನ್ನ ಹೆಂಡ್ತಿನ್ನೂ ಕರಕೊಂಡು ಬಾ, ಇಂಥಾ ಮಾತು ಆಡಾಂವನ ಕೂಡ ಹ್ಯಾಂಗ ಬಾಳೇ ಮಾಡ್ಯಾಳ ಕೇಳ್ತೀನಿ."

ಮಾಲಕರು ಕೊಟ್ಟ ಮಾತು ಉಳಿಸಿಕೊಂಡರು. ಕಾಗದಪತ್ರ ಮಾಡಿಸಿ, ಎರಡೂ ಕಡೆಯ ಕೆಲಸ ನನ್ನ ಹೆಸರಿಗೆ ಬಿಟ್ಟರು. ಮೊದಲು ಕಟ್ಟಿದ್ದು ಬಬಲೇಶ್ವರದ ಅಳಿಯನ ಮನೆ. ಅಲ್ಲಿ ಕೆಲಸ ಹಿಡಿಯುವ ಮೊದಲೇ ಕೇಳಿದೆ, ಗಂಧಕ ಎಲ್ಲಿಡುತ್ತೀರಿ ಎಂದು. ಈಗ ಎಲ್ಲ ಮನೆಯಲ್ಲೂ ಅದೇ ನನ್ನ ಮೊದಲ ಪ್ರಶ್ನೆ. ಫೋಟೋ ಬೀದಿಯಿಂದ ಹೊಡೆಯುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಟಿಕೋಟಾದಲ್ಲಿ ಒಂಬತ್ತು ಮನೆ, ಬಬಲೇಶ್ವರದಲ್ಲಿ ಐದು, ಮಮದಾಪುರದಲ್ಲಿ ಒಂದು. ಎರಡು ವೆಲ್ಡಿಂಗ್ ಮಷಿನ್ನು, ಮೂರು ಏಣಿ, ಅರ್ಥಿಂಗ್ ನೋಡುವ ಯಂತ್ರ ಒಂದು. ನನ್ನ ಹೆಸರಿರುವ ಬೋರ್ಡು ಒಂದು. ವರ್ಷಕ್ಕೊಂದು ಡಬ್ಬಿ ಒಣದ್ರಾಕ್ಷಿ, ಬಣ್ಣ ಸ್ವಲ್ಪ ಕಪ್ಪು.